ತೂಕದ ಪುಸ್ತಕ

ವೆರ್ನಾ ಲಾಹ್ಟಿ ನನಗೆ ಮೊದಲು ಕೊಡಿಸಿದ್ದು ಹಾವಲ್ಲ,
ಅಡುಗೆಮನೆಯ ತಕ್ಕಡಿ, ಒಂದು ನೋಟ್‌ಬುಕ್ಕು.
"ಗ್ರಾಮಿನಲ್ಲಿ ಬರಿ. ಪ್ರೀತಿ ಗೀತಿ ಆಮೇಲೆ."

ಕಪ್ಪೆ ತೂಗುವುದು ಕಷ್ಟ ಅಂತಾರಲ್ಲ,
ಚೆಂಡು ಹೆಬ್ಬಾವು ಸುಲಭ:
ಹೆದರಿದರೆ ತಲೆಯನ್ನು ನಡುವಿಗಿಟ್ಟು
ಉಂಡೆಯಾಗಿಬಿಡುತ್ತದೆ. ತಟ್ಟೆಯ ಮೇಲೆ ಅಲುಗದ ಒಂದು ಅಂಕಿ.
ಸಾವಿರದ ನಾನೂರ ಹನ್ನೆರಡು.
"ಸಾಲದು," ಅಂದಳು. "ಇನ್ನೂ ಒಂದು ವರ್ಷ ಉಣ್ಣಿಸು."

ಹೊರಗೆ ಡುಲೂತ್‌ನ ಸರೋವರ ದಡದುದ್ದ ಕಲ್ಲಾಗಿತ್ತು.
ಮೂವತ್ತು ವರ್ಷ ಹಡಗಿಗೆ ಅದಿರು ತುಂಬಿಸಿದವಳು,
ಎಡಗೈಯ ಎರಡು ಬೆರಳು ಮಡಚುವುದಿಲ್ಲ;
ಅದೇ ಕೈಯಲ್ಲಿ ಸತ್ತ ಇಲಿಯ ಬಾಲ ಹಿಡಿದು
ಹೇರ್ ಡ್ರೈಯರ್‌ನಿಂದ ಮೂಗು ಬೆಚ್ಚಗೆ ಮಾಡುತ್ತಾಳೆ,
ಮದುವೆಗೆ ಹೊರಟ ಹುಡುಗಿಯ ಕೂದಲು ಒಣಗಿಸಿದ ಹಾಗೆ.

ಕಾದೆ. ಟೈರ್ ಅಂಗಡಿಯಿಂದ ಬಂದು, ಗ್ರೀಸು ತೊಳೆದು, ಬರೆದೆ:
ಉಂಡಳು. ಉಣ್ಣಲಿಲ್ಲ. ಉಣ್ಣಲಿಲ್ಲ. ಪೊರೆ ಬಿಟ್ಟಳು. ಉಂಡಳು.
ನನ್ನ ವರ್ಷವನ್ನು ಯಾರಾದರೂ ಬರೆದಿದ್ದರೂ
ಇಷ್ಟೇ ಇರುತ್ತಿತ್ತು,
ಪೊರೆಯದೊಂದು ಮಾತು ಬಿಟ್ಟು.

ನವೆಂಬರಿನಲ್ಲಿ ವೆರ್ನಾ ತನ್ನ ಗಂಡು ಹಾವನ್ನು ತಂದಳು,
ದಿಂಬಿನ ಚೀಲದಲ್ಲಿ, ಕೋಟಿನೊಳಗೆ, ಹೊಟ್ಟೆಗೆ ಕಟ್ಟಿಕೊಂಡು.
ಬಾಲಕ್ಕೆ ಬಾಲ ಹೆಣೆದುಕೊಂಡಿತು.
ನಾವು ಅತ್ತ ನೋಡದೆ ಇಸ್ಪೀಟು ಆಡಿದೆವು.
ನಾಲ್ಕು ಡಾಲರ್ ಸೋತೆ.

ಏಪ್ರಿಲ್ ಮೊದಲ ವಾರ ಏಳು ಮೊಟ್ಟೆ. ಒಂದು ಹಳದಿ, ಜೊಳ್ಳು.
ಆರು ಬಿಳಿ, ಒಂದಕ್ಕೊಂದು ಅಂಟಿ,
ಅವುಗಳ ಸುತ್ತ ಅವಳು.
"ಬಾಲದ ಕಡೆಯಿಂದ ಬಿಡಿಸು. ಅವಸರ ಬೇಡ."
ಒಂದು ಸುತ್ತು ಬಿಡಿಸುವಷ್ಟರಲ್ಲಿ ಇನ್ನೊಂದು ಸುತ್ತು ಬಿಗಿದಳು.
ಕಚ್ಚಲಿಲ್ಲ.
ಕಚ್ಚಿದ್ದರೆ ಚೆನ್ನಾಗಿತ್ತು.

ಪೆನ್ಸಿಲಿನಲ್ಲಿ ಮೊಟ್ಟೆಯ ನೆತ್ತಿನೆತ್ತಿಗೂ ಗುರುತು:
ಮೇಲಿನದು ಮೇಲೆಯೇ ಇರಬೇಕು,
ಉರುಳಿದರೆ ಒಳಗಿನ ಜೀವ ಮುಳುಗೀತು.
ಟಾರ್ಚು ಹಿಡಿದರೆ ಕೆಂಪು ನರಗಳು,
ಯಾವುದೋ ಊರಿನ ರಸ್ತೆಗಳನ್ನು ಎತ್ತರದಿಂದ ಕಂಡ ಹಾಗೆ.
"ಈಗ ಅವಳ ಪೆಟ್ಟಿಗೆಯನ್ನು ಸೋಪು ಹಾಕಿ ತೊಳಿ. ಅವಳನ್ನೂ ತೊಳಿ.
ವಾಸನೆ ಉಳಿದರೆ ಉಪವಾಸ ಬೀಳುತ್ತಾಳೆ."
ತೊಳೆದೆ. ಆ ರಾತ್ರಿ ನೀರಿನ ಬಟ್ಟಲಿಗೆ
ಸುತ್ತಿಕೊಂಡು ಮಲಗಿದ್ದಳು.
ಪುಸ್ತಕದಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.

ಹದಿಮೂರನೆಯ ದಿನ ಹಿಮದ ಬಿರುಗಾಳಿ, ಕರೆಂಟು ಹೋಯಿತು.
ಮೂವತ್ತೊಂದೂವರೆ ಡಿಗ್ರಿ. ಮೂವತ್ತು. ಇಪ್ಪತ್ತೆಂಟು.
ಫೋನಿನಲ್ಲಿ ವೆರ್ನಾ: "ಮುಚ್ಚಳ ಎತ್ತಿ ಎತ್ತಿ ನೋಡಬೇಡ.
ಮೀನಿನ ಐಸ್ ಪೆಟ್ಟಿಗೆ ಇದೆಯಲ್ಲ, ಅದರಲ್ಲಿಡು,
ಬಿಸಿನೀರಿನ ಬಾಟಲಿ ಪಕ್ಕಕ್ಕೆ, ತಾಗದ ಹಾಗೆ."
ಐಸಿನ ಪೆಟ್ಟಿಗೆಯಲ್ಲಿ ಬಿಸಿ ಕಾಯುವ ಊರು ಇದು.
ಒಲೆ ಗ್ಯಾಸಿನದು, ಪುಣ್ಯ.
ಗಂಟೆಗೊಮ್ಮೆ ನೀರು ಕಾಯಿಸಿದೆ.
ಪೆಟ್ಟಿಗೆಯ ಸುತ್ತ ಕಂಬಳಿ, ಕಂಬಳಿಯ ಸುತ್ತ ನಾನು.

ಬೆಳಗಿನ ಜಾವ ಜನರೇಟರನ್ನು ಮಕ್ಕಳ ಜಾರುಬಂಡಿಗೆ ಬಿಗಿದು
ಆರು ಬೀದಿ ಎಳೆದುಕೊಂಡು ಬಂದಳು ವೆರ್ನಾ,
ಹುಬ್ಬಿನ ಮೇಲೆ ಹಿಮ.
ನೆಲದ ಮೇಲೆ ಮುರುಟಿದ್ದ ನನ್ನನ್ನು ನೋಡಿದಳು.
"ತಾಗಿಲ್ಲ ತಾನೆ?" ಅಂದಳು, ಅಷ್ಟೆ.

ಐವತ್ತೊಂಬತ್ತನೆಯ ದಿನ ಒಂದು ಚಿಪ್ಪಿನಲ್ಲಿ ಗೀರು.
ಸೀಳಿನಿಂದ ಒಂದು ಮೂಗು,
ಹೊರಗಿನ ಗಾಳಿಗೆ ಬಾಡಿಗೆ ಎಷ್ಟು ಅಂತ ಕೇಳುವಂತೆ,
ಇಡೀ ದಿನ ಹಾಗೇ ಕೂತಿತು.
ಐದು ಬಂದವು.
ಆರನೆಯದನ್ನು ವೆರ್ನಾ ಕತ್ತರಿಯಿಂದ ತೆರೆದಳು;
ಪೂರ್ತಿ ಬೆಳೆದಿತ್ತು, ಮೈಮೇಲಿನ ಚುಕ್ಕಿಯವರೆಗೂ.
"ಆ ರಾತ್ರಿಯಿಂದಲಾ?" ಕೇಳಿದೆ.
"ಗೊತ್ತಿಲ್ಲ," ಅಂದಳು. ಸುಳ್ಳು ಹೇಳುವವಳಲ್ಲ.

ಲೆಕ್ಕ ಹಾಕಿದರೆ ಇಲಿ, ಕರೆಂಟು, ಪೆಟ್ಟಿಗೆ,
ಮರಿಗಳ ಬೆಲೆ ಅರ್ಧಕ್ಕೂ ಬಾರದು.
ಕೊಳ್ಳಲು ಬಂದವನು ತಾಯಿಯನ್ನೂ ಕೇಳಿದ. ಕೊಡಲಿಲ್ಲ.
ಅವಳ ತೂಕ ಸಾವಿರದ ನೂರಕ್ಕಿಳಿದಿತ್ತು.
ಪುಟದ ತುಂಬ ಒಂದೇ ಮಾತು, ಉಣ್ಣಲಿಲ್ಲ,
ನನ್ನ ಅಕ್ಷರ ದಿನದಿನಕ್ಕೆ ಸಣ್ಣದಾಗುತ್ತ.

ಜುಲೈ ಒಂಬತ್ತು. ಉಂಡಳು.
ಪೆನ್ನು ಒತ್ತಿದ ರಭಸಕ್ಕೆ
ಹಿಂದಿನ ಪುಟದಲ್ಲೂ ಮೂಡಿದೆ.